ಎಫ್‌ಎಂಜಿಇ ಓದುವಾಗ ಆಂಕಿ ಕೈಕೊಟ್ಟರೆ: ದೋಷ ಹುಡುಕುವ ಕೈಪಿಡಿ

ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ, ಫಿಲಿಪ್ಪೀನ್ಸ್ ಕಡೆ ಎಂಬಿಬಿಎಸ್ ಮುಗಿಸಿ, ಊರಿಗೆ ಬಂದು, ಇಲ್ಲಿ ವೈದ್ಯರಾಗಲು ಪಾಸಾಗಬೇಕಾದ ಪರೀಕ್ಷೆ ಎಫ್‌ಎಂಜಿಇಗೆ ಓದುತ್ತಿರುವವರ ಬಾಯಲ್ಲಿ ಪದೇ ಪದೇ ಬರುವ ದೂರು ಇದು: "ದಿನಾ ಐನೂರು ಕಾರ್ಡ್ ಮಾಡ್ತೀನಿ, ಮಾಕ್ ಟೆಸ್ಟಲ್ಲಿ ಮಾತ್ರ 130 ದಾಟ್ತಾನೇ ಇಲ್ಲ." ಕಾರ್ಡ್ ಅಂದರೆ ಆಂಕಿಯದು: ಮುಂದೆ ಪ್ರಶ್ನೆ, ಹಿಂದೆ ಉತ್ತರ ಇರುವ ಕಾರ್ಡುಗಳನ್ನು ದಿನಗಳ ಅಂತರ ಬಿಟ್ಟು ಮತ್ತೆ ಮತ್ತೆ ತೋರಿಸುವ ಆ್ಯಪ್ ಅದು. ಪರೀಕ್ಷೆಯಲ್ಲಿ 300 ಪ್ರಶ್ನೆಗೆ 150 ಬಂದರೆ ಪಾಸು. ತಪ್ಪಿಗೆ ಅಂಕ ಕಳೆಯುವುದಿಲ್ಲ. ಅಂದರೆ ಕೊರತೆ 20 ಅಂಕದ್ದು. ಅಷ್ಟಕ್ಕೆ ಕೆಲವರು ಆಂಕಿಯನ್ನೇ ಡಿಲೀಟ್ ಮಾಡಿ ಮತ್ತೆ ನೋಟ್ಸ್ ಹಿಡಿಯುತ್ತಾರೆ. ಇನ್ನು ಕೆಲವರು ಐನೂರನ್ನು ಎಂಟುನೂರು ಮಾಡುತ್ತಾರೆ. ದೋಷ ಎಲ್ಲಿದೆ ಅಂತ ಇಬ್ಬರೂ ನೋಡಿರುವುದಿಲ್ಲ.

ನಾನು ಕಂಡ ಮಟ್ಟಿಗೆ ನೆನಪಿನ ಶಕ್ತಿಯ ತೊಂದರೆ ಇರುವವರು ತೀರಾ ಕಡಿಮೆ. ಕಾರ್ಡ್ ಕೇಳುವುದು ಒಂದು, ಪರೀಕ್ಷೆ ಕೇಳುವುದು ಇನ್ನೊಂದು. ಹೆಚ್ಚಿನವರ ಅಂಕ ಸೋರುವುದು ಈ ಸಂದಿಯಲ್ಲಿ. ಉಳಿದವರದ್ದು ಒತ್ತುವ ಬಟನ್ನಿನ ಅಥವಾ ಸೆಟ್ಟಿಂಗಿನ ಸಮಸ್ಯೆ. ಕೆಳಗಿನದನ್ನು ಇದೇ ಕ್ರಮದಲ್ಲಿ ನೋಡಿಕೊಂಡು ಹೋಗಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಒಂದು ವಾರ ಬಿಡಿ. ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದೇ ಇಲ್ಲ.

ಏನನ್ನೂ ಮುಟ್ಟುವ ಮೊದಲು

ಲ್ಯಾಪ್‌ಟಾಪಿನಲ್ಲಿ ಆಂಕಿ ತೆಗೆದು ಸ್ಟ್ಯಾಟ್ಸ್ ಒತ್ತಿ. ಎರಡು ಸಂಖ್ಯೆ ಬರೆದುಕೊಳ್ಳಿ.

ಮೊದಲನೆಯದು, ಮೆಚ್ಯೂರ್ ಕಾರ್ಡುಗಳಲ್ಲಿ ಶೇಕಡ ಎಷ್ಟು ಸರಿ ಹೇಳುತ್ತಿದ್ದೀರಿ ಎನ್ನುವುದು. ಆಂಕಿ ಲೆಕ್ಕದಲ್ಲಿ ಮೆಚ್ಯೂರ್ ಅಂದರೆ 21 ದಿನ ಅಥವಾ ಅದಕ್ಕಿಂತ ದೊಡ್ಡ ಅಂತರಕ್ಕೆ ಹೋದ ಕಾರ್ಡ್. ಎರಡನೆಯದು, ಒಂದು ಕಾರ್ಡಿಗೆ ಸರಾಸರಿ ಎಷ್ಟು ಸೆಕೆಂಡ್ ಹಿಡಿಯುತ್ತದೆ ಎನ್ನುವುದು.

ಮೆಚ್ಯೂರ್ ಸಂಖ್ಯೆ 85ರಿಂದ 92ರ ಒಳಗಿದ್ದೂ ಮಾಕ್ ಅಂಕ ಏರುತ್ತಿಲ್ಲ ಅಂದರೆ ನೆನಪು ಸರಿಯಾಗಿದೆ, ಕಾರ್ಡಿನಲ್ಲಿ ಬರೆದದ್ದು ಸರಿ ಇಲ್ಲ. ನೇರವಾಗಿ ಮುಂದಿನ ಭಾಗಕ್ಕೆ ಹೋಗಿ. 80ಕ್ಕಿಂತ ಕೆಳಗಿದ್ದರೆ ಅರ್ಥವಾಗದ್ದನ್ನು ಬಾಯಿಪಾಠ ಮಾಡುತ್ತಿದ್ದೀರಿ, ಇಲ್ಲವೇ ಹೊಸ ಕಾರ್ಡ್ ಜಾಸ್ತಿ ತೆಗೆದುಕೊಂಡಿದ್ದೀರಿ. 97, 98 ಇದ್ದರೆ ಖುಷಿಪಡಬೇಡಿ. ಗೊತ್ತಿರುವುದನ್ನೇ ಮತ್ತೆ ಮತ್ತೆ ನೋಡಿ ಸಮಯ ಕಳೆಯುತ್ತಿದ್ದೀರಿ, ಅಥವಾ ಬಟನ್ ಒತ್ತುವಾಗ ನಿಮಗೆ ನೀವೇ ಧಾರಾಳಿಯಾಗಿದ್ದೀರಿ.

ಸೆಕೆಂಡಿನ ಲೆಕ್ಕ ಇನ್ನೂ ಸುಲಭ. ಸರಾಸರಿ 20 ಸೆಕೆಂಡ್ ದಾಟಿದರೆ ಕಾರ್ಡ್ ತುಂಬಾ ದೊಡ್ಡದು. 3 ಸೆಕೆಂಡಿಗಿಂತ ಕಡಿಮೆ ಅಂದರೆ ಪ್ರಶ್ನೆ ಓದುತ್ತಲೇ ಇಲ್ಲ, ಕಾರ್ಡಿನ ಆಕಾರ ನೋಡಿಯೇ ಉತ್ತರ ಬರುತ್ತಿದೆ.

ಲಕ್ಷಣ: ಕಾರ್ಡಿನಲ್ಲಿ ಸರಿ, ಪ್ರಶ್ನೆಪತ್ರಿಕೆಯಲ್ಲಿ ತಪ್ಪು

ಅತಿ ಹೆಚ್ಚು ಕಾಣುವ ದೋಷ ಇದೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಕೊನೆಯ ಮಾಕ್ ಟೆಸ್ಟಿನ ತಪ್ಪು ಉತ್ತರಗಳನ್ನು ಮುಂದಿಟ್ಟುಕೊಳ್ಳಿ. ಪ್ರತಿಯೊಂದಕ್ಕೂ ಮೂರರಲ್ಲಿ ಒಂದು ಗುರುತು ಹಾಕಿ. ವಿಷಯವೇ ಗೊತ್ತಿರಲಿಲ್ಲ. ಗೊತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ. ನೆನಪೂ ಆಯ್ತು, ಆದರೆ ಎರಡು ಆಯ್ಕೆಗಳ ನಡುವೆ ತಪ್ಪಿದ್ದನ್ನು ಆರಿಸಿದೆ. ಸುಮ್ನೆ ಮನಸ್ಸಿನಲ್ಲೇ ಎಣಿಸಬೇಡಿ, ಪೆನ್ನಿನಲ್ಲಿ ಗುರುತು ಹಾಕಿ. ಎರಡನೇ ಗುಂಪು ದೊಡ್ಡದಿದ್ದರೆ ಕಾರ್ಡುಗಳಿಂದ ಸರಿಹೋಗುತ್ತದೆ. ಮೊದಲನೆಯದು ದೊಡ್ಡದಿದ್ದರೆ ಕಾರ್ಡ್ ಬೇಡ, ಪಾಠ ಬೇಕು. ಮೂರನೆಯದು ದೊಡ್ಡದಿದ್ದರೆ ಈಗಿರುವ ಕಾರ್ಡುಗಳನ್ನು ಬೇರೆ ರೀತಿ ಬರೆಯಬೇಕು.

ಈ ಮೂರನೇ ಗುಂಪಿನ ಒಂದು ಉದಾಹರಣೆ. ಒಂದು ಕಾರ್ಡಿನ ಮುಂದೆ 'ಸ್ಟ್ರಾಬೆರಿ ನಾಲಿಗೆ', ಹಿಂದೆ 'ಕವಾಸಾಕಿ' ಅಂತ ಇದೆ. ಅರ್ಧ ಸೆಕೆಂಡಿನಲ್ಲಿ ಗುಡ್ (ಉತ್ತರ ಸರಿ ಬಂತು ಎನ್ನುವ ಬಟನ್) ಒತ್ತಿ ಮುಂದೆ ಹೋಗುತ್ತೀರಿ. ಪರೀಕ್ಷೆಯಲ್ಲಿ ಆರು ವರ್ಷದ ಮಗುವಿಗೆ ಜ್ವರ, ಗಂಟಲು ನೋವು, ಮೈಮೇಲೆ ಮರಳು ಕಾಗದದಂತೆ ಒರಟಾದ ದದ್ದು, ಜೊತೆಗೆ ಸ್ಟ್ರಾಬೆರಿ ನಾಲಿಗೆ. ಕೈ ತಾನಾಗಿ ಕವಾಸಾಕಿಗೆ ಹೋಗುತ್ತದೆ. ಸರಿ ಉತ್ತರ ಸ್ಕಾರ್ಲೆಟ್ ಫೀವರ್. ಇಲ್ಲಿ ನೆನಪು ಕೈಕೊಟ್ಟಿಲ್ಲ. ಕಾರ್ಡ್ ಏನು ಕಲಿಸಿತೋ ಅದನ್ನೇ ನೀವು ಮಾಡಿದಿರಿ.

ರಿಪೇರಿ ಹೀಗೆ: ಒಂದನ್ನೊಂದು ಹೋಲುವ ಎರಡು ಕಾಯಿಲೆಗಳಿಗೆ ಎರಡು ಕಾರ್ಡ್ ಮಾಡಿ. ಎರಡರಲ್ಲೂ ಸಮಾನ ಲಕ್ಷಣ ಇರಲಿ, ಬೇರ್ಪಡಿಸುವ ಲಕ್ಷಣವೂ ಇರಲಿ. ಒಂದರಲ್ಲಿ ಸ್ಟ್ರಾಬೆರಿ ನಾಲಿಗೆಯ ಜೊತೆ ಒರಟು ದದ್ದು ಮತ್ತು ಟಾನ್ಸಿಲ್ ಮೇಲೆ ಕೀವು. ಇನ್ನೊಂದರಲ್ಲಿ ಅದೇ ನಾಲಿಗೆ, ಆದರೆ ಐದು ದಿನ ದಾಟಿದ ಜ್ವರ, ಪಿಚ್ಚು ಇಲ್ಲದ ಕೆಂಪು ಕಣ್ಣು, ಊದಿದ ಕೈಕಾಲು. ಆಗ ತಲೆ ನಾಲಿಗೆಯನ್ನು ಬಿಟ್ಟು ಉಳಿದದ್ದನ್ನು ಓದಲು ಶುರು ಮಾಡುತ್ತದೆ.

ಕೆಂಪು ಮೂತ್ರದ ವಿಷಯವೂ ಇದೇ ಜಾತಿಯದು. ಗಂಟಲು ಕೆಟ್ಟ ಒಂದೆರಡು ದಿನಕ್ಕೇ ಮೂತ್ರ ಕೆಂಪಾಗಿ, ರಕ್ತದಲ್ಲಿ ಸಿ3 ಎಂಬ ಪ್ರೋಟೀನ್ ಸಹಜವಾಗಿದ್ದರೆ ಐಜಿಎ ನೆಫ್ರೋಪಥಿ. ಎರಡು ವಾರ ಕಳೆದ ಮೇಲೆ ಆಗಿ, ಸಿ3 ಕಡಿಮೆ ಇದ್ದರೆ ಸ್ಟ್ರೆಪ್ಟೊಕಾಕಸ್ ನಂತರ ಬರುವ ಗ್ಲೊಮೆರುಲೊನೆಫ್ರೈಟಿಸ್. 'ಐಜಿಎ ನೆಫ್ರೋಪಥಿಯ ಲಕ್ಷಣಗಳೇನು' ಎಂಬ ಕಾರ್ಡ್ ನೂರು ಸಲ ತಿರುಗಿಸಿದರೂ ಈ ವ್ಯತ್ಯಾಸ ಕೈಗೆ ಸಿಗುವುದಿಲ್ಲ.

ಇದಕ್ಕೆ ಸಂಬಂಧಪಟ್ಟ ಇನ್ನೊಂದು ದೋಷ ಪಟ್ಟಿ ಕಾರ್ಡು. 'ಕ್ಷಯದ ಔಷಧಗಳ ಅಡ್ಡಪರಿಣಾಮ ಬರೆಯಿರಿ', 'ಹನ್ನೆರಡು ಕ್ರೇನಿಯಲ್ ನರಗಳು ಯಾವುವು'. ಇವು ಮಗ್ಗಿ ಒಪ್ಪಿಸಿದ ಹಾಗೆ. ಏಳೊಂದ್ಲ ಏಳರಿಂದ ಶುರು ಮಾಡದೆ ಏಳೆಂಟ್ಲ ಎಷ್ಟು ಅಂತ ಹೇಳಲಾಗದ ಮಕ್ಕಳನ್ನು ನೋಡಿದ್ದೀರಲ್ವಾ? ಪರೀಕ್ಷೆ ಯಾವತ್ತೂ ಮಧ್ಯದಿಂದ ಕೇಳುತ್ತದೆ. ಮಿದುಳಿನ ಕಾಂಡದ ಹಿಂಬದಿಯಿಂದ ಹೊರಡುವ ಒಂದೇ ಒಂದು ಕ್ರೇನಿಯಲ್ ನರ ಯಾವುದು? ನಾಲ್ಕನೆಯದು. ಕ್ಯಾವರ್ನಸ್ ಸೈನಸ್ಸಿನ ಗೋಡೆಯಲ್ಲಿ ಅಲ್ಲ, ಒಳಗೇ ಹಾದು ಹೋಗುವ ನರ? ಆರನೆಯದು. ಕ್ಷಯಕ್ಕೂ ಹಾಗೆಯೇ ಒಡೆದು ಬರೆಯಿರಿ: ಟಿಬಿ ಮಾತ್ರೆ ನುಂಗುತ್ತಿರುವ ರೋಗಿಗೆ ಕೆಂಪು, ಹಸಿರು ಬಣ್ಣ ಬೇರೆ ಬೇರೆಯಾಗಿ ಕಾಣುತ್ತಿಲ್ಲ, ಯಾವ ಮಾತ್ರೆ ನಿಲ್ಲಿಸಬೇಕು? ಎಥಾಂಬ್ಯುಟಾಲ್. ಪಾದದಲ್ಲಿ ಜುಮ್ಮೆನ್ನುತ್ತದೆ, ಏನು ಕೊಡಬೇಕು? ಪಿರಿಡಾಕ್ಸಿನ್, ಕಾರಣ ಐಸೊನಿಯಾಝಿಡ್. ಯೂರಿಕ್ ಆಸಿಡ್ ಏರಿದೆ? ಪೈರಝಿನಮೈಡ್. ಒಂದು ಕಾರ್ಡ್, ಒಂದು ಪ್ರಶ್ನೆ, ಒಂದು ಉತ್ತರ. ಕಾರ್ಡುಗಳ ಸಂಖ್ಯೆ ಹೆಚ್ಚುತ್ತದೆ, ಒಟ್ಟು ಸಮಯ ಕಡಿಮೆಯಾಗುತ್ತದೆ.

ರಿಪೇರಿ ಸರಿಯಾಯಿತೇ ಅಂತ ನೋಡಲು ರೂಂಮೇಟ್ ಕೈಗೆ ಫೋನ್ ಕೊಡಿ. ಕಾರ್ಡಿನ ಪ್ರಶ್ನೆಯನ್ನು ಅವರದ್ದೇ ಮಾತಿನಲ್ಲಿ ತಿರುಚಿ ಕೇಳಲಿ. ಕನ್ನಡದಲ್ಲಿ ಕೇಳಿದರೆ ಇನ್ನೂ ಒಳ್ಳೆಯದು, ಪರದೆಯ ಮೇಲಿನ ವಾಕ್ಯದ ಆಸರೆ ಪೂರ್ತಿ ತಪ್ಪಿಹೋಗುತ್ತದೆ. ಹತ್ತರಲ್ಲಿ ಎಂಟಕ್ಕೆ ಉತ್ತರ ಬಂದರೆ ಕಾರ್ಡ್ ಸರಿ ಇದೆ.

ಲಕ್ಷಣ: ರೆಡಿಮೇಡ್ ಡೆಕ್ (ಬೇರೆಯವರು ಮಾಡಿಟ್ಟ ಕಾರ್ಡುಗಳ ಕಟ್ಟು) ಮುಗಿದಿದೆ, ಕೆಲವು ವಿಷಯಗಳಲ್ಲಿ ಮಾತ್ರ ಸೊನ್ನೆ

ಯಾವ ವಿಷಯ ಅಂತ ನೋಡಿ. ಕಮ್ಯುನಿಟಿ ಮೆಡಿಸಿನ್ ಮತ್ತು ಫೊರೆನ್ಸಿಕ್ ಆಗಿದ್ದರೆ ಕಾರಣ ಆಗಲೇ ಸಿಕ್ಕಿತು. ಆನ್‌ಕಿಂಗ್ ಡೆಕ್ ಸುಮಾರು 30 ಸಾವಿರ ಕಾರ್ಡುಗಳದ್ದು, ಅಚ್ಚುಕಟ್ಟಾಗಿದೆ, ಎಲ್ಲರೂ ಅದನ್ನೇ ಹೊಗಳುತ್ತಾರೆ. ಆದರೆ ಅದನ್ನು ಕಟ್ಟಿದ್ದು ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆ ಯುಎಸ್‌ಎಂಎಲ್‌ಇಗಾಗಿ. ಅಲ್ಲಿ ಹುಟ್ಟಿದ ಮಗುವಿಗೆಲ್ಲ ಬಿಸಿಜಿ ಹಾಕುವ ಪದ್ಧತಿಯೇ ಇಲ್ಲ. ನಮ್ಮ ರಾಷ್ಟ್ರೀಯ ಲಸಿಕೆ ಪಟ್ಟಿ, ನಮ್ಮ ಆರೋಗ್ಯ ಕಾರ್ಯಕ್ರಮಗಳು, ನಮ್ಮ ಕಾನೂನು ಅದರಲ್ಲಿ ಯಾಕಿರುತ್ತವೆ? ಎಫ್‌ಎಂಜಿಇಯಲ್ಲಿ ಕಮ್ಯುನಿಟಿ ಮೆಡಿಸಿನ್ನಿಗೆ 30, ಫೊರೆನ್ಸಿಕ್ಕಿಗೆ 10. ಒಟ್ಟು 40 ಅಂಕ. ನಿಮಗೆ ಬೇಕಾಗಿದ್ದದ್ದು 20.

ಇವೆರಡಕ್ಕೆ ಕಾರ್ಡ್ ನೀವೇ ಬರೆಯಬೇಕು. ಬೇರೆ ದಾರಿ ನನಗಂತೂ ಕಾಣುವುದಿಲ್ಲ. ಸೀನಿಯರ್ ಕೊಟ್ಟ ಹಳೆಯ ಡೆಕ್ ಇದ್ದರೂ ಹುಷಾರು, ಅದರಲ್ಲಿ ಹಳಸಿದ ಕಾರ್ಡುಗಳು ಸೇರಿಕೊಂಡಿರುತ್ತವೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ತೀವ್ರ ಗಾಯಕ್ಕೆ 320 ಅಂತ ಕಾರ್ಡಿನಲ್ಲಿದ್ದರೆ ಅದು ಈಗ 116. ನಿರ್ಲಕ್ಷ್ಯದಿಂದ ಸಾವಿಗೆ 304ಎ ಅಂತಿದ್ದರೆ ಈಗ 106. ಪೊಲೀಸ್ ಇನ್‌ಕ್ವೆಸ್ಟಿನ ಸಿಆರ್‌ಪಿಸಿ 174 ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿದೆ: 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, 20ರಿಂದ 24 ವಾರದವರೆಗೆ ಕೆಲವು ವರ್ಗದ ಮಹಿಳೆಯರಿಗೆ ಇಬ್ಬರದ್ದು ಬೇಕು. ಹಳೆಯ ಕಾರ್ಡಿನಲ್ಲಿ 12 ಮತ್ತು 20 ಅಂತ ಇರುತ್ತದೆ. ಪೋಲಿಯೊ ಚುಚ್ಚುಮದ್ದಿನ ಮೂರನೇ ಡೋಸ್ 9ನೇ ತಿಂಗಳಿಗೆ ಸೇರಿದ್ದು 2023ರ ಜನವರಿಯಲ್ಲಿ. ತಪ್ಪು ಉತ್ತರವನ್ನು ಶೇಕಡ 95 ಖಾತರಿಯಿಂದ ನೆನಪಿಡುವುದು ಆಂಕಿಗೆ ಏನೂ ಕಷ್ಟವಲ್ಲ, ಅದು ಸರಿತಪ್ಪು ನೋಡುವುದಿಲ್ಲ.

ರೆಡಿಮೇಡ್ ಡೆಕ್ ಬೇಡ ಅಂತ ಹೇಳುತ್ತಿಲ್ಲ. ಅನಾಟಮಿ, ಫಾರ್ಮಕಾಲಜಿ ಯಾವ ದೇಶಕ್ಕೂ ಒಂದೇ. ಡೆಕ್ ಇಳಿಸಿದ ಕೂಡಲೇ ಎಲ್ಲವನ್ನೂ ಸಸ್ಪೆಂಡ್ ಮಾಡಿ. ಆ ಅಧ್ಯಾಯದ ಪಾಠ ಮುಗಿದ ದಿನ ಅದರ ಕಾರ್ಡುಗಳನ್ನು ಮಾತ್ರ ಬಿಡುಗಡೆ ಮಾಡಿ. ಓದದೇ ಇರುವ ವಿಷಯದ ಕಾರ್ಡ್ ಬಂದರೆ ಅದು ಬರೀ ಶಬ್ದ.

ಲಕ್ಷಣ: ಮರೆತ ಕಾರ್ಡ್ ತಿಂಗಳಾದರೂ ಮತ್ತೆ ಬರುತ್ತಿಲ್ಲ, ಅಥವಾ ಗೊತ್ತಿರುವುದೇ ಮತ್ತೆ ಮತ್ತೆ ಬರುತ್ತಿದೆ

ಎರಡೂ ಬಟನ್ನಿನ ದೋಷ. ಹಾರ್ಡ್ ಬಟನ್ನನ್ನು ಯಾವಾಗ ಒತ್ತುತ್ತೀರಿ? 'ಮರೆತಿದ್ದೆ, ಆದರೆ ಉತ್ತರ ನೋಡಿದಾಗ ಗೊತ್ತಿತ್ತು ಅನ್ನಿಸ್ತು' ಎಂದಾದರೆ ಸಮಸ್ಯೆ ಸಿಕ್ಕಿತು. ಹಾರ್ಡ್ ಅಂದರೆ ತಿಣುಕಾಡಿದೆ, ಆದರೂ ಉತ್ತರ ಸರಿ ಬಂತು ಅಂತ ಅರ್ಥ. ಆಂಕಿ ಅದನ್ನು ಪಾಸು ಅಂತಲೇ ಲೆಕ್ಕ ಹಾಕುತ್ತದೆ. ಉತ್ತರ ಬರಲಿಲ್ಲ ಅಂದರೆ ಅಗೇನ್, ಅದರಲ್ಲಿ ಚೌಕಾಸಿ ಇಲ್ಲ. ಮರೆತದ್ದಕ್ಕೆಲ್ಲ ಹಾರ್ಡ್ ಒತ್ತುತ್ತಾ ಬಂದರೆ, ಎಫ್‌ಎಸ್‌ಆರ್‌ಎಸ್ ನಿಮ್ಮ ನೆನಪು ಭಾರಿ ಚೆನ್ನಾಗಿದೆ ಎಂದು ನಂಬಿ ಎಲ್ಲ ಕಾರ್ಡಿನ ಅಂತರವನ್ನೂ ಉದ್ದ ಮಾಡುತ್ತದೆ.

ಎಫ್‌ಎಸ್‌ಆರ್‌ಎಸ್ ಅಂದರೆ 23.10 ಆವೃತ್ತಿಯಿಂದ ಆಂಕಿಯ ಒಳಗೇ ಬಂದಿರುವ ಹೊಸ ಲೆಕ್ಕಾಚಾರ. ಡೆಕ್ ಆಪ್ಷನ್ಸ್‌ನಲ್ಲಿ ಕೆಳಗೆ ಇರುತ್ತದೆ. ಅದು ಆಫ್ ಇದ್ದರೆ ನೀವಿನ್ನೂ ಹಳೆಯ ಎಸ್‌ಎಂ-2 ಲೆಕ್ಕದಲ್ಲಿದ್ದೀರಿ. ಅದಕ್ಕೆ ಬೇರೆ ಕಾಯಿಲೆ ಇದೆ. ಹೊಸ ಕಾರ್ಡಿನ ಈಝ್ (ಅಂತರ ಎಷ್ಟು ಪಟ್ಟು ಹಿಗ್ಗಬೇಕು ಎನ್ನುವ ಸಂಖ್ಯೆ) ಶೇ. 250ರಿಂದ ಶುರುವಾಗುತ್ತದೆ. ಒಂದು ಅಗೇನ್‌ಗೆ 20, ಒಂದು ಹಾರ್ಡ್‌ಗೆ 15 ಇಳಿಯುತ್ತದೆ. ಗುಡ್ ಒತ್ತಿದರೆ ಏರುವುದೇ ಇಲ್ಲ. ಆರು ಸಲ ಅಗೇನ್ ಒತ್ತಿದ ಕಾರ್ಡ್ ಶೇ. 130ಕ್ಕೆ ಬಂದು ತಳ ಹಿಡಿಯುತ್ತದೆ. ಆಮೇಲೆ ನಿಮಗೆ ಅದು ಎಷ್ಟೇ ಚೆನ್ನಾಗಿ ಬರಲಿ, 10 ದಿನದ ಕಾರ್ಡ್ 25 ದಿನಕ್ಕೆ ಹೋಗುವ ಬದಲು 13 ದಿನಕ್ಕೇ ಬಾಗಿಲು ತಟ್ಟುತ್ತದೆ. ಗೊತ್ತಿರುವುದೇ ಯಾಕೆ ಮತ್ತೆ ಮತ್ತೆ ಬರುತ್ತದೆ ಎನ್ನುವುದಕ್ಕೆ ಇದೇ ಉತ್ತರ.

ರಿಪೇರಿ: ಎಫ್‌ಎಸ್‌ಆರ್‌ಎಸ್ ಆನ್ ಮಾಡಿ, ಡಿಸೈರ್ಡ್ ರಿಟೆನ್ಷನ್ (ಎಷ್ಟು ಪಾಲು ನೆನಪಿರಬೇಕು ಎನ್ನುವ ಗುರಿ) 0.90ರಲ್ಲೇ ಇರಲಿ, ತಿಂಗಳಿಗೊಮ್ಮೆ ಆಪ್ಟಿಮೈಝ್ ಒತ್ತಿ. ಅದನ್ನು 0.97 ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ, ದಿನದ ಕಾರ್ಡುಗಳ ಸಂಖ್ಯೆ ಹುಚ್ಚಾಪಟ್ಟೆ ಏರುತ್ತದೆ. ಹಾರ್ಡ್ ಬಟನ್ನನ್ನು ತಪ್ಪಾಗಿ ಬಳಸಿದ ಇತಿಹಾಸ ಇದ್ದರೆ, ಒಂದು ದಿನಾಂಕಕ್ಕಿಂತ ಹಿಂದಿನ ರಿವ್ಯೂಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ಹೇಳುವ ಆಯ್ಕೆ ಅದೇ ಜಾಗದಲ್ಲಿದೆ. ಬಟನ್ ಸರಿಯಾಗಿ ಒತ್ತಲು ಶುರು ಮಾಡಿದ ದಿನಾಂಕವನ್ನು ಅಲ್ಲಿ ಕೊಡಿ. ಎರಡೇ ಬಟನ್ ಬಳಸಿದರೂ ನಡೆಯುತ್ತದೆ, ಅಗೇನ್ ಮತ್ತು ಗುಡ್. ನನಗೆ ಅದೇ ಇಷ್ಟ, ಪ್ರತಿ ಕಾರ್ಡಿಗೂ ನ್ಯಾಯಾಧೀಶರಾಗುವ ಕೆಲಸ ತಪ್ಪುತ್ತದೆ.

ಇನ್ನೊಂದು ಮಾತು, ಇದು ಸೆಟ್ಟಿಂಗ್ ಅಲ್ಲ. ಉತ್ತರ ತೆಗೆಯುವ ಮೊದಲು ಬಾಯಿ ಬಿಟ್ಟು ಹೇಳಿ, ಕನಿಷ್ಠ ತುಟಿ ಅಲುಗಲಿ. ಮನಸ್ಸಿನಲ್ಲಿ 'ಹಾಂ, ಗೊತ್ತು' ಅಂದುಕೊಂಡು ತೆಗೆದರೆ ಗೊತ್ತಿತ್ತೋ ಇಲ್ಲವೋ ನಿಮಗೇ ತಿಳಿಯುವುದಿಲ್ಲ.

ಲಕ್ಷಣ: ಬಾಕಿ ಸಾವಿರ ದಾಟಿದೆ

ಬೇಗ ಮುಗಿಸುತ್ತೇನೆ, ಲೆಕ್ಕ ಸರಳ. ದಿನಕ್ಕೆ ಎಷ್ಟು ಹೊಸ ಕಾರ್ಡ್ ತೆಗೆದುಕೊಳ್ಳುತ್ತೀರೋ ಅದರ 7ರಿಂದ 10 ಪಟ್ಟು ರಿವ್ಯೂ ಕೆಲವು ವಾರಗಳಲ್ಲಿ ಬಂದು ಕೂರುತ್ತದೆ ಎನ್ನುವುದು ಸಾಮಾನ್ಯ ಅಂದಾಜು. 20 ಹೊಸತು ಅಂದರೆ 140ರಿಂದ 200. ಹುಮ್ಮಸ್ಸಿನಲ್ಲಿ 80 ಇಟ್ಟರೆ 560ರಿಂದ 800. ಕಾರ್ಡಿಗೆ 10 ಸೆಕೆಂಡ್ ಅಂದರೂ 700 ಕಾರ್ಡಿಗೆ ಸುಮಾರು ಎರಡು ಗಂಟೆ. ಆಮೇಲೆ ಪ್ರಶ್ನೆ ಬಿಡಿಸುವುದು ಯಾವಾಗ?

ಬಾಕಿ ಬಿದ್ದಾಗ ಹೊಸ ಕಾರ್ಡುಗಳನ್ನು ಸೊನ್ನೆಗೆ ಇಳಿಸಿ. ಡೆಕ್ ರೀಸೆಟ್ ಮಾಡಬೇಡಿ, ಇಷ್ಟು ದಿನ ಬೆಳೆದ ಅಂತರಗಳು ಹೋಗಿ ಎಲ್ಲ ಕಾರ್ಡೂ ಮತ್ತೆ ಹೊಸದಾಗಿಬಿಡುತ್ತವೆ. ದಿನಕ್ಕೆ ಒಂದೂವರೆ ಗಂಟೆ ಅಂತ ಗಡಿಯಾರ ಇಟ್ಟುಕೊಂಡು ಮಾಡಿ, ಗಂಟೆ ಹೊಡೆದಾಗ ಎದ್ದುಬಿಡಿ. ಎಷ್ಟು ಉಳಿಯಿತು ಅಂತ ನೋಡಬೇಡಿ. ಮಾಡುತ್ತಿರುವಾಗ 'ಇದನ್ನು ಯಾರು ಕೇಳ್ತಾರೆ' ಅನ್ನಿಸಿದ ಕಾರ್ಡನ್ನು ಅಲ್ಲೇ ಸಸ್ಪೆಂಡ್ ಮಾಡಿ.

ಕೆಲವರಿಗೆ ಉಲ್ಟಾ ಕಾಟ: ಹೊಸ ಕಾರ್ಡ್ 20 ಅಂತ ಇಟ್ಟಿದ್ದರೂ ಒಂದೂ ಬರುವುದಿಲ್ಲ. ಆ್ಯಪ್ ಕೆಟ್ಟಿಲ್ಲ. ದಿನದ ಗರಿಷ್ಠ ರಿವ್ಯೂ ಮೊದಲಿಂದಲೇ 200 ಅಂತ ಇರುತ್ತದೆ. ಬಾಕಿ 200 ದಾಟಿದರೆ ರಿವ್ಯೂಗಳೇ ಆ ಮಿತಿಯನ್ನು ತುಂಬಿಬಿಡುತ್ತವೆ, ಹೊಸದಕ್ಕೆ ಜಾಗ ಉಳಿಯುವುದಿಲ್ಲ. ಇದೇ ಮಿತಿಯಿಂದ ಇನ್ನೊಂದು ಮೋಸವೂ ಆಗುತ್ತದೆ. ನಿಜವಾದ ಬಾಕಿ 900 ಇದ್ದರೂ ಪರದೆ 200 ಅಂತಲೇ ತೋರಿಸುತ್ತದೆ. ಮಿತಿಯನ್ನು 9999 ಮಾಡಿ ಒಮ್ಮೆ ನಿಜ ನೋಡಿಬಿಡಿ.

ಲಕ್ಷಣ: ಒಂದೇ ಕಾರ್ಡ್ ಎಷ್ಟು ಸಲ ನೋಡಿದರೂ ನಿಲ್ಲುತ್ತಿಲ್ಲ

ಎಂಟು ಸಲ ಮರೆತ ಕಾರ್ಡಿಗೆ ಆಂಕಿ ಲೀಚ್ ಅಂತ ಹಣೆಪಟ್ಟಿ ಹಚ್ಚುತ್ತದೆ. ಜಿಗಣೆ ಅನ್ನುವ ಹೆಸರು ಸರಿಯಾಗಿಯೇ ಇದೆ, ಸಮಯ ಹೀರುತ್ತದೆ. ಬ್ರೌಸರ್‌ನಲ್ಲಿ ಆ ಟ್ಯಾಗ್ ಹುಡುಕಿ ವಾರಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ನೋಡಿ. ಬಹುಪಾಲು ಜೋಡಿಯಾಗಿ ಸಿಗುತ್ತವೆ: ಒಂದನ್ನು ನೆನೆದರೆ ಇನ್ನೊಂದು ಅಡ್ಡ ಬರುವಂಥವು. ಅವಕ್ಕೆ ಮೇಲೆ ಹೇಳಿದ ಸ್ಟ್ರಾಬೆರಿ ನಾಲಿಗೆ ರಿಪೇರಿ. ಉಳಿದವು ಅರ್ಥವಾಗದ ವಿಷಯಗಳು, ಪುಸ್ತಕಕ್ಕೆ ಹೋಗಿ ಬನ್ನಿ. ಯಾವುದಕ್ಕೂ ಬಗ್ಗದಿದ್ದರೆ ಸಸ್ಪೆಂಡ್ ಮಾಡಿ ಮರೆತುಬಿಡಿ. 300ರಲ್ಲಿ 150 ಸಾಕು ಅಂದಾಗ ಒಂದು ಎನ್‌ಝೈಮಿಗಾಗಿ ಜಗಳ ಆಡುವುದು ನನಗೆ ಸರಿ ಕಾಣುವುದಿಲ್ಲ.

ಲಕ್ಷಣ: ಚಿತ್ರದ ಪ್ರಶ್ನೆಗಳಲ್ಲಿ ಮಾತ್ರ ತಪ್ಪು

ಕಣ್ಣಿನ ವಿಭಾಗಕ್ಕೆ 15, ಚರ್ಮಕ್ಕೆ 5, ರೇಡಿಯಾಲಜಿಗೆ 5 ಅಂಕ. ಇವಕ್ಕೆ ಅಕ್ಷರದ ಕಾರ್ಡ್ ಸಾಲದು. ಆಂಕಿಯಲ್ಲೇ ಇಮೇಜ್ ಒಕ್ಲೂಷನ್ ಇದೆ, ಚಿತ್ರದ ಮೇಲೆ ಪಟ್ಟಿ ಹಾಕಿ ಮುಚ್ಚಿ ಕೇಳಬಹುದು. ಅನಾಟಮಿಗೆ ಬಹಳ ಒಳ್ಳೆಯದು. ಎಕ್ಸ್‌ರೇಗೆ ಮಾತ್ರ ಒಂದು ಅಪಾಯ: ನೀವು ಕಾಯಿಲೆಯನ್ನಲ್ಲ, ಆ ಒಂದು ಫಿಲ್ಮನ್ನು ನೆನಪಿಡುತ್ತೀರಿ. ಮೂಲೆಯಲ್ಲಿನ ಬಾಣದ ಗುರುತು ನೋಡಿಯೇ ಉತ್ತರ ಹೇಳುತ್ತೀರಿ. ಒಂದು ಕಾಯಿಲೆಗೆ ಬೇರೆ ಬೇರೆ ರೋಗಿಗಳ ಮೂರು ಚಿತ್ರ ಹಾಕಿ, ಹೆಸರು ಮತ್ತು ಗುರುತು ಕತ್ತರಿಸಿ ಹಾಕಿ. ನಡುವೆ ಸಹಜವಾಗಿರುವ ಎಕ್ಸ್‌ರೇಗಳನ್ನೂ ಸೇರಿಸಿ. ಅವು ಇಲ್ಲದಿದ್ದರೆ ಎಲ್ಲದರಲ್ಲೂ ಕಾಯಿಲೆ ಕಾಣುತ್ತದೆ.

ಪರೀಕ್ಷೆ ಹತ್ತಿರ ಬಂದಾಗ

ಕೊನೆಯ ಮೂರು ವಾರ ರೆಡಿಮೇಡ್ ಡೆಕ್‌ನಿಂದ ಹೊಸ ಕಾರ್ಡ್ ಬೇಡ. ಮಾಕ್ ಟೆಸ್ಟಿನ ತಪ್ಪುಗಳಿಂದ ಹುಟ್ಟಿದವು ಮಾತ್ರ, ಒಂದು ತಪ್ಪಿಗೆ ಒಂದು ಕಾರ್ಡ್. ಪರೀಕ್ಷೆಯ ಒಂದೊಂದು ಭಾಗದಲ್ಲೂ 150 ಪ್ರಶ್ನೆಗೆ 150 ನಿಮಿಷ, ಅಂದರೆ ಪ್ರಶ್ನೆಗೆ ಒಂದು ನಿಮಿಷ. ಆ ವೇಗ ಕಾರ್ಡಿನಿಂದ ಬರುವುದಿಲ್ಲ. ಗಡಿಯಾರ ಇಟ್ಟುಕೊಂಡು ಪೂರ್ತಿ ಪತ್ರಿಕೆ ಬಿಡಿಸಿದರೆ ಮಾತ್ರ ಬರುತ್ತದೆ. ಹಾಗಾಗಿ ಈ ವಾರಗಳಲ್ಲಿ ಪ್ರಶ್ನೆಗೆ ಸಿಂಹಪಾಲು, ಕಾರ್ಡಿಗೆ ಉಳಿದದ್ದು.

'ಈ ಕಾರ್ಡ್ ಮುಂದಿನ ಸಲ ಬರುವುದು ಪರೀಕ್ಷೆ ಮುಗಿದ ಮೇಲೆ' ಅಂತ ಗಾಬರಿ ಆಗುವವರಿದ್ದಾರೆ. ಅಂತರ ಅಷ್ಟು ಉದ್ದ ಇದೆ ಅಂದರೆ ಆ ಕಾರ್ಡ್ ಆ ದಿನದ ಹೊತ್ತಿಗೂ ನೆನಪಿರುವ ಸಾಧ್ಯತೆ ಜಾಸ್ತಿ. ಆದರೂ ಲಸಿಕೆ ಪಟ್ಟಿ, ಡೋಸು, ಕಾನೂನಿನ ಸೆಕ್ಷನ್ನಿನಂಥ ಬರೀ ಸಂಖ್ಯೆಯ ಕಾರ್ಡುಗಳಿಗೆ ಫಿಲ್ಟರ್ಡ್ ಡೆಕ್ (ಆರಿಸಿದ ಕಾರ್ಡುಗಳ ತಾತ್ಕಾಲಿಕ ಕಟ್ಟು) ಮಾಡಿಕೊಂಡು ಕೊನೆಯ ನಾಲ್ಕೈದು ದಿನದಲ್ಲಿ ಒಮ್ಮೆ ತಿರುವಿ ಹಾಕಿ. ಅದನ್ನು ಮಾಡುವಾಗ ಉತ್ತರಗಳಿಂದ ವೇಳಾಪಟ್ಟಿ ಬದಲಾಗದಂತೆ ಆ ಟಿಕ್ ಗುರುತನ್ನು ತೆಗೆಯಿರಿ.

ಫೋನು ಮತ್ತು ಲ್ಯಾಪ್‌ಟಾಪ್ ಎರಡರಲ್ಲೂ ಮಾಡುವವರಿಗೆ ಒಂದು ಎಚ್ಚರಿಕೆ. ಸಿಂಕ್ ಮಾಡುವಾಗ 'ಅಪ್‌ಲೋಡ್ ಮಾಡಲೋ, ಡೌನ್‌ಲೋಡ್ ಮಾಡಲೋ' ಅಂತ ಕೇಳಿದರೆ ತಕ್ಷಣ ಒತ್ತಬೇಡಿ. ಅಪ್‌ಲೋಡ್ ಅಂದರೆ ಕೈಯಲ್ಲಿರುವ ಸಾಧನದ ಡೆಕ್ ಉಳಿಯುತ್ತದೆ, ಆಂಕಿಯ ಆನ್‌ಲೈನ್ ಸಂಗ್ರಹವಾದ ಆಂಕಿವೆಬ್‌ನಲ್ಲಿರುವುದು ಹೋಗುತ್ತದೆ. ಡೌನ್‌ಲೋಡ್ ಅಂದರೆ ಅದರ ಉಲ್ಟಾ. ಇವತ್ತು ಕಾರ್ಡ್ ಮಾಡಿದ್ದು ಯಾವುದರಲ್ಲಿ ಅಂತ ನೋಡಿಕೊಂಡು ಆರಿಸಿ. ಈಗಾಗಲೇ ತಪ್ಪಾಗಿ ಒತ್ತಿದ್ದರೆ ಲ್ಯಾಪ್‌ಟಾಪಿನ ಆಂಕಿ ತಾನಾಗಿಯೇ ಬ್ಯಾಕಪ್ ಇಟ್ಟಿರುತ್ತದೆ. ಪ್ರೊಫೈಲ್ ಬದಲಾಯಿಸುವ ಪರದೆಯಲ್ಲಿ ಓಪನ್ ಬ್ಯಾಕಪ್ ಇದೆ, ಅಲ್ಲಿಂದ ಹಿಂದಿನ ದಿನದ್ದನ್ನು ತೆಗೆದುಕೊಳ್ಳಿ.